ತೋಡಿನ ಆಚೆ ಪರ್ಮಿಟ್, ಈಚೆ ಕೇಸ್

ಸಂಪಾದಕರಿಗೆ ನಮಸ್ಕಾರ,

ಕಾಡುಹಂದಿ ಹಾವಳಿ ಬಗ್ಗೆ ನಿಮ್ಮ ಪೇಪರಲ್ಲಿ ಆಗಾಗ ಬರ್ತಾ ಇರ್ತದೆ, ಆದ್ರೆ ಯಾವಾಗ ನೋಡಿದ್ರೂ ಒಂದೋ ಅದು ಕೇರಳದ ಸುದ್ದಿ, ಇಲ್ಲ ಕರ್ನಾಟಕದ ಸುದ್ದಿ. ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ಟು ಕೃಷಿ ಮಾಡುವ ನಮ್ಮಂಥವರ ವಿಷಯ ಯಾರೂ ಬರೀಲಿಲ್ಲ, ಅದಕ್ಕೆ ನಾನೇ ಬರೀತಾ ಇದ್ದೇನೆ.

ಅಡ್ಯನಡ್ಕ, ಪಾಣಾಜೆ, ಮಂಡೆಕೋಲು ಈ ಕಡೆಯವರಿಗೆಲ್ಲ ಗೊತ್ತುಂಟು, ಇಲ್ಲಿ ರಾಜ್ಯದ ಗಡಿ ಅಂದ್ರೆ ಬರೀ ಚೆಕ್‌ಪೋಸ್ಟ್ ಅಲ್ಲ, ಕೆಲವು ಕಡೆ ಒಂದು ತೋಡು (ಸಣ್ಣ ಹಳ್ಳ), ಕೆಲವು ಕಡೆ ಅಡಿಕೆ ಮರಗಳ ಮಧ್ಯ ಒಂದು ಕಲ್ಲು, ಅಷ್ಟೆ. 1956ರ ನವೆಂಬರ್‌ವರೆಗೆ ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದೇ ತಾಲೂಕು ಆಗಿತ್ತಲ್ಲ, ಅಜ್ಜಂದಿರು ತೋಟ ಹಾಕುವಾಗ ಮುಂದೆ ಇಲ್ಲಿ ಎರಡು ಸರ್ಕಾರ ಬರ್ತದೆ ಅಂತ ಯಾರು ನೆನೆಸಿದ್ರು? ಈಗ ನಮ್ಮ ತೋಟದ ಮೇಲಿನ ಭಾಗಕ್ಕೆ ಬಂಟ್ವಾಳ ತಾಲೂಕಿನ ಆರ್‌ಟಿಸಿ, ತೋಡಿನಿಂದ ಆಚೆ ಕೆಳಗಿನ ಭಾಗಕ್ಕೆ ಕೇರಳದ ಎಣ್ಮಕಜೆ ಪಂಚಾಯತ್, ಅದರ ತೀರ್ವೆ ಕಟ್ಲಿಕ್ಕೆ ಬೇರೆ ವಿಲೇಜ್ ಆಫೀಸ್. ಅದೆಲ್ಲ ಅಭ್ಯಾಸ ಆಗಿ ಹೋಗಿದೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರೋದು ಹಂದಿ ವಿಷಯದಲ್ಲಿ.

ಹಂದಿ ಅಡಿಕೆ ಸಸಿ ತಿನ್ನುವುದಕ್ಕಿಂತ ಬುಡ ಅಗೆಯೋದೇ ಜಾಸ್ತಿ, ಗೊಬ್ಬರ ಸೊಪ್ಪು ಹಾಕಿದಲ್ಲಿ ಎರೆಹುಳ ಇರ್ತದಲ್ಲ, ಅದಕ್ಕೋಸ್ಕರ ಒಂದೇ ರಾತ್ರಿಗೆ ಸಾಲಿಗೆ ಸಾಲು ಮಗುಚಿ ಹಾಕ್ತದೆ, ಜೊತೆಗೆ ಡ್ರಿಪ್ ಪೈಪೂ ಹೋಗ್ತದೆ, ಬಾಳೆ ಮರಗೆಣಸು ಅಂತೂ ಈಗ ನಾವು ನಡೋದೇ ಬಿಟ್ಟಾಯ್ತು.

ಕೇರಳದಲ್ಲಿ 2022ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಪಂಚಾಯತ್ ಅಧ್ಯಕ್ಷರಿಗೇ ಗೌರವ ವನ್ಯಜೀವಿ ಪರಿಪಾಲಕ ಅಂತ ಅಧಿಕಾರ ಕೊಟ್ಟಿತು. ಹಂದಿ ಉಪದ್ರ ಉಂಟು ಅಂತ ಅರ್ಜಿ ಕೊಟ್ರೆ ಅಧ್ಯಕ್ಷರೇ ಆರ್ಡರ್ ಮಾಡಬಹುದು, ಲೈಸೆನ್ಸ್ ಇರುವ ಕೋವಿಯವರು, ಪ್ಯಾನೆಲ್‌ನಲ್ಲಿ ಇರುವ ಶೂಟರ್‌ಗಳು ಬಂದು ಹೊಡೀತಾರೆ. ವಿಷ ಇಡ್ಲಿಕ್ಕಿಲ್ಲ, ಕರೆಂಟ್ ಕೊಡ್ಲಿಕ್ಕಿಲ್ಲ, ಸ್ಫೋಟಕ ಇಡ್ಲಿಕ್ಕಿಲ್ಲ. ನಮ್ಮ ಕರ್ನಾಟಕದಲ್ಲಿ ಪಂಚಾಯತ್‌ಗೆ ಅಂಥ ಅಧಿಕಾರ ಕೊಟ್ಟಿಲ್ಲ, ಎಲ್ಲ ಫಾರೆಸ್ಟ್ ಡಿಪಾರ್ಟ್‌ಮೆಂಟ್ ಮೂಲಕವೇ ಹೋಗ್ಬೇಕು. ಕಾನೂನು ಎರಡೂ ಕಡೆ ಒಂದೇ ಮಾರಾಯ್ರೆ, 1972ರ ವನ್ಯಜೀವಿ ಕಾಯ್ದೆ, ಅದರ 11ನೇ ಸೆಕ್ಷನ್. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೀಲಿಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಹೇಳಿದ ಅಧಿಕಾರಿ ಕಾರಣ ಬರೆದು ಅನುಮತಿ ಕೊಡಬಹುದು ಅಂತ ಅದರಲ್ಲೇ ಉಂಟು. ಆ ಅಧಿಕಾರವನ್ನು ಒಬ್ಬರು ಪಂಚಾಯತ್‌ವರೆಗೆ ಇಳಿಸಿದ್ರು, ಇನ್ನೊಬ್ಬರು ಇಳಿಸಲಿಲ್ಲ.

ಈಗ ನಮ್ಮ ತೋಟಕ್ಕೆ ಬನ್ನಿ. ಕೆಳಗಿನ ಭಾಗಕ್ಕೆ ಪರ್ಮಿಟ್ ಸಿಗ್ತದೆ ಅಂತ ಇಟ್ಕೊಳ್ಳಿ. ಹಂದಿ ಹಗಲು ಮಲಗೋದು ಮೇಲಿನ ಗುಡ್ಡೆಯಲ್ಲಿ, ಅಂದ್ರೆ ಕರ್ನಾಟಕದಲ್ಲಿ, ರಾತ್ರಿ ಮೇಯಲಿಕ್ಕೆ ಇಳಿಯೋದು ಕೇರಳಕ್ಕೆ. ಗುಡ್ಡೆಯಿಂದ ನಾಯಿ ಬಿಟ್ಟು ಹೊರಡಿಸುವ ಅಂದ್ರೆ, ಕಾಯ್ದೆಯಲ್ಲಿ ಬೇಟೆ ಅಂದ್ರೆ ಬರೀ ಗುಂಡು ಹೊಡೆಯೋದಲ್ಲ, ಪ್ರಾಣಿಯನ್ನು ಅಟ್ಟೋದೂ ಬೇಟೆಯೇ, ಅದರ ಪ್ರಯತ್ನವೂ ಬೇಟೆಯೇ. ಹಾಗಾಗಿ ಕೇರಳದ ಪರ್ಮಿಟ್ ಕಿಸೆಯಲ್ಲಿ ಇಟ್ಕೊಂಡು ಗುಡ್ಡೆಗೆ ಹತ್ತಿದ್ರೆ ಕೇಸ್ ಬೀಳಬಹುದು. ಸರಿ, ಕೆಳಗೇ ಕಾದು ಹೊಡೆದ್ರು ಅಂತ ಆಯ್ತು, ಹಂದಿ ಏನು ಹೊಡೆದಲ್ಲೇ ಬೀಳ್ತದಾ? ಗುಂಡು ತಾಗಿದ ಹಂದಿ ತೋಡು ಹಾರಿ ಈಚೆ ಬಂದು ಬಿದ್ರೆ ಏನು ಮಾಡೋದು? 39ನೇ ಸೆಕ್ಷನ್ ಪ್ರಕಾರ ಹೊಡೆದ ಹಂದಿ ರಾಜ್ಯ ಸರ್ಕಾರದ ಸೊತ್ತು. ಯಾವ ರಾಜ್ಯದ್ದು? ಮಹಜರು ಮಾಡುವವರು ಕಾಸರಗೋಡಿನವರಾ, ಬಂಟ್ವಾಳದವರಾ, ಮತ್ತೆ ಅದನ್ನು ಹೂಳೋದು ಯಾವ ರಾಜ್ಯದ ಮಣ್ಣಲ್ಲಿ? ನಗು ಬರಬಹುದು ನಿಮಗೆ, ಆದ್ರೆ ಈಚೆ ಬದಿಯಲ್ಲಿ ಸತ್ತ ಹಂದಿ ಸಿಕ್ಕಿದ್ರೆ ಮೊದಲು ಹಿಡಿಯೋದು ಜಾಗದ ಯಜಮಾನನನ್ನು. ಇದನ್ನೇ ಒಂದು ಆಫೀಸಿನಲ್ಲಿ ಕೇಳಿದ್ದಕ್ಕೆ "ಆಚೆಯವರನ್ನು ಕೇಳಿ" ಅಂದ್ರು, ಆಚೆ ಹೋಗಿ ಕೇಳಿದ್ರೆ "ಅದು ನಿಮ್ಮ ಕರ್ನಾಟಕದವರು ಹೇಳ್ಬೇಕು" ಅಂದ್ರು. ಇಬ್ಬರೂ ಮರ್ಯಾದೆಯಲ್ಲೇ ಮಾತಾಡಿದ್ರು, ಅದೊಂದು ಸಮಾಧಾನ.

ಇನ್ನು ಕೋವಿ. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸ್‌ನಲ್ಲಿ ಎಲ್ಲಿವರೆಗೆ ವ್ಯಾಲಿಡ್ ಅಂತ ಬರೆದಿರ್ತದೆ, ಜಿಲ್ಲೆ ಅಂತ ಇದ್ರೆ ಜಿಲ್ಲೆ, ರಾಜ್ಯ ಅಂತ ಇದ್ರೆ ರಾಜ್ಯ. ನಮ್ಮದೇ ತೋಟದಲ್ಲಿ ತೋಡು ದಾಟಿದ್ರೆ ಆರ್ಮ್ಸ್ ಆ್ಯಕ್ಟ್! ಕೆಲವರು ಹೇಳ್ತಾರೆ, ಕೊಡಗಿನವರಿಗೆ ಲೈಸೆನ್ಸೇ ಬೇಡ ಅಂತ. ಕೊಡವರಿಗೆ, ಜಮ್ಮಾ (ಅಲ್ಲಿನ ಹಳೇ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ 2029ರವರೆಗೆ ವಿನಾಯಿತಿ ಇರೋದು ಹೌದು, ಆದ್ರೆ ಅದು ಕೋವಿ ಇಟ್ಕೊಳ್ಳಲಿಕ್ಕೆ, ಬೇಟೆಗೆ ಅಲ್ಲ. ಮತ್ತೆ ಎಲೆಕ್ಷನ್ ಬಂದ್ರೆ ಕೋವಿ ಠೇವಣಿ ಇಡಿ ಅಂತ ನೋಟಿಸ್. 2024ರ ಲೋಕಸಭೆಗೆ ಎರಡೂ ಕಡೆ ಒಂದೇ ದಿನ ವೋಟಿಂಗ್ ಇತ್ತು, ಬಚಾವ್. ವಿಧಾನಸಭೆಗೆ, ಪಂಚಾಯತ್‌ಗೆ ಹಾಗಲ್ಲ, ಈ ವರ್ಷ ಇವರದ್ದು, ಮತ್ತೊಂದು ವರ್ಷ ಅವರದ್ದು, ಹಾಗಾಗಿ ಯಾವಾಗಲೂ ಒಂದು ಕಡೆಯ ಕೋವಿ ಸ್ಟೇಷನ್‌ನಲ್ಲೇ ಇರ್ತದೆ.

ಸಿಕ್ಕಿದ್ದನ್ನೆಲ್ಲ ಹೊಡೀಲಿಕ್ಕೆ ಬಿಡಿ ಅಂತ ನಾನು ಹೇಳ್ತಾ ಇಲ್ಲ. ಹಂದಿಯನ್ನು ಕ್ಷುದ್ರಜೀವಿ (ಅನುಮತಿ ಇಲ್ಲದೆಯೂ ಹೊಡೆಯಬಹುದಾದ ಪ್ರಾಣಿ) ಅಂತ ಘೋಷಿಸಿ ಅಂತ ಕೇರಳ ಕೇಳಿದ್ದಕ್ಕೆ ಕೇಂದ್ರ ಒಪ್ಪಲಿಲ್ಲ, ಅದರಲ್ಲೂ ಅರ್ಥ ಉಂಟು ಅಂತ ನನ್ನ ಅಭಿಪ್ರಾಯ, ಬಿಟ್ರೆ ಮಾಂಸದ ದಂಧೆಯವರೇ ಮೊದಲು ಬರೋದು. ಆದ್ರೆ ಸರಿಯಾದ ದಾರಿ ಇಷ್ಟು ಕಷ್ಟ ಮಾಡಿ ಇಟ್ರೆ ಜನ ಉರುಳು ಇಡ್ತಾರೆ, ಬೇಲಿಗೆ ಕರೆಂಟ್ ಕೊಡ್ತಾರೆ, ಹಂದಿಗೆ ಅಂತ ಇಟ್ಟ ಉರುಳಿಗೆ ಚಿರತೆ ಬೀಳ್ತದೆ, ಕರೆಂಟಿಗೆ ಮನುಷ್ಯರೇ ಸಾಯ್ತಾರೆ. ಕದ್ದು ಮಾಡುವವರಿಗೆ ಗಡಿ ದೊಡ್ಡ ಅನುಕೂಲ ಕೂಡ, ಈಚೆ ಹೊಡೆದು ಆಚೆ ದಾಟಿಸಿದ್ರೆ ಕೇಳುವವರಿಲ್ಲ.

ನಾವು ಕೇಳೋದು ಇಷ್ಟೇ. ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲೆಗಳ ಕಲೆಕ್ಟರು, ಎರಡೂ ಕಡೆಯ ಅರಣ್ಯ ಇಲಾಖೆಯ ಡಿಎಫ್‌ಒ ಒಮ್ಮೆ ಒಟ್ಟಿಗೆ ಕೂತ್ಕೊಳ್ಳಲಿ. ಎರಡೂ ರಾಜ್ಯದಲ್ಲಿ ಜಾಗ ಇರುವವರು ಅರ್ಜಿ ಹಾಕುವಾಗ ಎರಡೂ ಕಡೆಯ ಸರ್ವೆ ನಂಬ್ರ ಒಟ್ಟಿಗೆ ಬರೆಯಲಿಕ್ಕೆ ಬಿಡಲಿ, ಒಂದೇ ದಿನಾಂಕಕ್ಕೆ ಎರಡೂ ಕಡೆಯಿಂದ ಅನುಮತಿ ಬರ್ಲಿ, ಹಂದಿ ಎಲ್ಲಿ ಬೀಳ್ತದೋ ಅಲ್ಲಿನ ಫಾರೆಸ್ಟರ್ ಮಹಜರು ಮಾಡ್ಲಿ, ಹೊಡೆದವನ ಹತ್ರ ಪರ್ಮಿಟ್ ಇದ್ರೆ ಗಡಿ ದಾಟಿ ಬಿತ್ತು ಅಂತ ಜಾಗದವನ ಮೇಲೆ ಕೇಸ್ ಬೇಡ. ಕೋವಿ ಲೈಸೆನ್ಸ್ ರಿನ್ಯೂ ಮಾಡುವಾಗ ಪಕ್ಕದ ಜಿಲ್ಲೆಯ ಆ ಸರ್ವೆ ನಂಬ್ರಕ್ಕೂ ವ್ಯಾಲಿಡ್ ಅಂತ ಮಾಡ್ಲಿಕ್ಕೆ ಏನಾದ್ರೂ ದಾರಿ ಹುಡುಕಲಿ. ಕರ್ನಾಟಕದವರು ಪಂಚಾಯತ್ ಅಧ್ಯಕ್ಷರಿಗೆ ಕೊಡೋದು ಬೇಡ ಅಂತಿದ್ರೆ ಬೇಡ, ಕನಿಷ್ಠ ಗಡಿ ಗ್ರಾಮಗಳಿಗೆ ರೇಂಜರ್ ಮಟ್ಟದಲ್ಲೇ ಬೇಗ ಸಿಗುವ ಹಾಗೆ ಮಾಡ್ಲಿ.

ಸಾರ್, ಇನ್ನೊಂದು ರಿಕ್ವೆಸ್ಟ್. ದಯವಿಟ್ಟು ಈ ಪತ್ರವನ್ನು ಮಂಗಳೂರು ಎಡಿಷನ್, ಕಾಸರಗೋಡು ಎಡಿಷನ್ ಎರಡರಲ್ಲೂ ಹಾಕಿ, ಒಂದರಲ್ಲಿ ಮಾತ್ರ ಹಾಕಿದ್ರೆ "ಅದು ಆಚೆಯವರ ವಿಷಯ" ಅಂತ ಎರಡೂ ಆಫೀಸಿನವರು ಪೇಪರ್ ಮಡಚಿ ಇಡ್ತಾರೆ.

ಇತಿ,
ಗಡಿಭಾಗದ ಒಬ್ಬ ಅಡಿಕೆ ಕೃಷಿಕ, ಬಂಟ್ವಾಳ ತಾಲೂಕು