‘ಅಂಥ ಮನೆ’ಗಳ ಮೇಲಿನ ಕೆಂಪು ಶಿಲುಬೆ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಬೀದಿಗಳಲ್ಲಿ ಏಕಾಏಕಿ ಬಾವುಟಗಳು ಎದ್ದು ನಿಂತ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ಇಪ್ಪತ್ತು ವರ್ಷಗಳಿಂದ ಇಲ್ಲಿನ ವೆಸ್ಟ್ ಮಿಡ್‌ಲ್ಯಾಂಡ್ಸ್‌ನಲ್ಲಿ ನೆಲೆಸಿರುವ ನನಗೆ ಲೇಖನದ ಕಳಕಳಿಯ ಬಗ್ಗೆ ತಕರಾರಿಲ್ಲ. ಆದರೆ ಜೊತೆಗೆ ಅಚ್ಚಾದ ಚಿತ್ರದ ಅಡಿಬರಹ ಬಿಳಿಯ ಬಟ್ಟೆಯ ಮೇಲೆ ಕೆಂಪು ಶಿಲುಬೆಯಿರುವ ಬಾವುಟವನ್ನು ‘ಬ್ರಿಟನ್ನಿನ ರಾಷ್ಟ್ರಧ್ವಜ’ ಎಂದು ಕರೆದಿದೆ. ಅದು ಬ್ರಿಟನ್ನಿನದಲ್ಲ, ಬ್ರಿಟನ್ನಿನ ಒಂದು ಭಾಗವಷ್ಟೇ ಆದ ಇಂಗ್ಲೆಂಡಿನದು. ಸೇಂಟ್ ಜಾರ್ಜ್ ಕ್ರಾಸ್ ಎಂದು ಅದರ ಹೆಸರು. ಇದೊಂದು ಸಣ್ಣ ತಪ್ಪೆಂದು ನಾನೂ ಬಿಟ್ಟುಬಿಡುತ್ತಿದ್ದೆ. ಆದರೆ ಇಡೀ ಗೊಂದಲದ ಬೇರು ಆ ತಪ್ಪಿನಲ್ಲೇ ಇರುವುದರಿಂದ ಈ ಪತ್ರವನ್ನು ಬರೆಯಬೇಕಾಯಿತು.

ಬ್ರಿಟನ್ನಿನ ಧ್ವಜವಾದ ಯೂನಿಯನ್ ಜ್ಯಾಕ್‌ನಲ್ಲಿ ಮೂರು ಶಿಲುಬೆಗಳು ಹೆಣೆದುಕೊಂಡಿವೆ. 1606ರಲ್ಲಿ ಇಂಗ್ಲೆಂಡಿನ ಶಿಲುಬೆಯೊಂದಿಗೆ ಸ್ಕಾಟ್ಲೆಂಡಿನದು ಸೇರಿತು, 1801ರಲ್ಲಿ ಐರ್ಲೆಂಡಿನದೂ ಸೇರಿತು. ನಮ್ಮ ಅಜ್ಜಂದಿರು ಮೈಸೂರು ಸಂಸ್ಥಾನದ ಕಾಲದಲ್ಲಿ ಕಂಡದ್ದು ಈ ಧ್ವಜವನ್ನು. ಇಂಗ್ಲೆಂಡಿನ ಜನರೂ ಬಹುಕಾಲ ಇದನ್ನೇ ತಮ್ಮದೆಂದುಕೊಂಡಿದ್ದರು. 1966ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ಫುಟ್‌ಬಾಲ್ ವಿಶ್ವಕಪ್ ಗೆದ್ದ ದಿನದ ಚಿತ್ರಗಳನ್ನು ನೋಡಿದರೆ ಪ್ರೇಕ್ಷಕರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಯೂನಿಯನ್ ಜ್ಯಾಕ್. ಆ ಟೂರ್ನಿಯ ಲಾಂಛನವಾಗಿದ್ದ ಸಿಂಹದ ಅಂಗಿಯ ಮೇಲೂ ಅದೇ. ಮೂವತ್ತು ವರ್ಷಗಳ ನಂತರ, 1996ರ ಯೂರೋ ಕಪ್ಪಿನಲ್ಲಿ, ಅದೇ ವೆಂಬ್ಲಿ ಕೆಂಪು ಶಿಲುಬೆಯಿಂದ ತುಂಬಿಹೋಗಿತ್ತು. ಎದುರಾಳಿಗಳಲ್ಲಿ ಸ್ಕಾಟ್ಲೆಂಡ್ ಕೂಡ ಇದ್ದಾಗ ಇಬ್ಬರ ಧ್ವಜವನ್ನು ಒಬ್ಬರೇ ಬೀಸುವುದು ಹೇಗೆ? 1999ರಲ್ಲಿ ಸ್ಕಾಟ್ಲೆಂಡಿಗೆ ಸಂಸತ್ತು ಬಂತು, ವೇಲ್ಸ್‌ಗೆ ಅಸೆಂಬ್ಲಿ ಬಂತು. ಇಂಗ್ಲೆಂಡಿಗೆ ಇಂದಿಗೂ ತನ್ನದೇ ಸಂಸತ್ತಿಲ್ಲ, ಅಧಿಕೃತವಾದ ತನ್ನದೇ ನಾಡಗೀತೆ ಇಲ್ಲ. ಸ್ಕಾಟ್ಲೆಂಡಿನಲ್ಲಿ ಸೇಂಟ್ ಆಂಡ್ರೂ ದಿನ, ಉತ್ತರ ಐರ್ಲೆಂಡಿನಲ್ಲಿ ಸೇಂಟ್ ಪ್ಯಾಟ್ರಿಕ್ ದಿನ ಸಾರ್ವಜನಿಕ ರಜೆಯಾದರೆ, ಏಪ್ರಿಲ್ 23ರ ಸೇಂಟ್ ಜಾರ್ಜ್ ದಿನ ಇಂಗ್ಲೆಂಡಿನಲ್ಲಿ ಮಾಮೂಲಿ ಕೆಲಸದ ದಿನ. ಇಂಗ್ಲೆಂಡಿನ ನೆಲವನ್ನೇ ತುಳಿಯದ ಸಂತನಿಗೆ ರಜೆ ಏಕೆಂದು ಕೇಳುವವರೂ ಇದ್ದಾರೆನ್ನಿ.

ಗುರುತು ಎಷ್ಟು ಸಡಿಲವಾಗಿ ನಿಂತಿದೆಯೆಂಬುದಕ್ಕೆ ಜನಗಣತಿಯನ್ನೇ ನೋಡಬಹುದು. 2011ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ 57.7ರಷ್ಟು ಜನ ತಾವು ‘ಇಂಗ್ಲಿಷ್’ ಎಂದಷ್ಟೇ ಬರೆಸಿದ್ದರು. ‘ಬ್ರಿಟಿಷ್’ ಎಂದಷ್ಟೇ ಬರೆಸಿದವರು ಶೇ 19.1. ಹತ್ತು ವರ್ಷ ಕಳೆಯುವಷ್ಟರಲ್ಲಿ ಲೆಕ್ಕ ತಲೆಕೆಳಗಾಗಿ ಮೊದಲನೆಯದು ಶೇ 14.9ಕ್ಕೆ ಕುಸಿಯಿತು, ಎರಡನೆಯದು ಶೇ 54.8ಕ್ಕೆ ಏರಿತು. ನಡುವೆ ಮಹಾಕ್ರಾಂತಿಯೇನೂ ಆಗಿರಲಿಲ್ಲ. ಇಂಗ್ಲೆಂಡಿನ ನಮೂನೆಯಲ್ಲಿ ‘ಬ್ರಿಟಿಷ್’ ಎಂಬ ಆಯ್ಕೆಯನ್ನು ಪಟ್ಟಿಯ ಮೊದಲಿಗೆ ತಂದಿದ್ದರು, ಬಹುಮಟ್ಟಿಗೆ ಅಷ್ಟೇ.

ಇನ್ನು ವರ್ಗದ ಮಾತು. ನಿಮ್ಮ ಲೇಖನ ಬಾವುಟವನ್ನು ಬಿಳಿಯರು ಮತ್ತು ವಲಸಿಗರ ನಡುವಿನ ಜಗಳವಾಗಿ ಮಾತ್ರ ನೋಡಿದೆ. ಆದರೆ ಈ ಬಾವುಟದ ಹಳೆಯ ಜಗಳ ಇಂಗ್ಲಿಷರೊಳಗಿನದು, ಉಳ್ಳವರು ಮತ್ತು ಇಲ್ಲದವರ ನಡುವಿನದು. 2014ರ ನವೆಂಬರ್ 20ರಂದು ರೋಚೆಸ್ಟರ್ ಅಂಡ್ ಸ್ಟ್ರೂಡ್ ಕ್ಷೇತ್ರದ ಉಪಚುನಾವಣೆಯ ದಿನ, ಉತ್ತರ ಲಂಡನ್ನಿನ ಇಸ್ಲಿಂಗ್ಟನ್ ಭಾಗದ ಲೇಬರ್ ಸಂಸದೆ ಎಮಿಲಿ ಥಾರ್ನ್‌ಬೆರಿ ಒಂದು ಚಿತ್ರವನ್ನು ಟ್ವಿಟರ್‌ನಲ್ಲಿ ಹಾಕಿದರು. ಒಂದು ಸಾಮಾನ್ಯ ಮನೆ, ಅದರ ಮುಂಭಾಗದಲ್ಲಿ ಇಳಿಬಿಟ್ಟ ಮೂರು ಕೆಂಪು ಶಿಲುಬೆಯ ಬಾವುಟಗಳು, ಅಂಗಳದಲ್ಲಿ ನಿಂತ ಬಿಳಿಯ ವ್ಯಾನು. ಜೊತೆಗೆ ಅವರು ಬರೆದದ್ದು ‘ರೋಚೆಸ್ಟರ್‌ನಿಂದ ಒಂದು ಚಿತ್ರ’ ಎಂಬ ಅರ್ಥದ ಮಾತಷ್ಟೇ. ಬೈಗುಳವಿಲ್ಲ, ವ್ಯಂಗ್ಯದ ಚಿಹ್ನೆಯೂ ಇಲ್ಲ. ಕನ್ನಡಕ್ಕೆ ತಂದರೆ ಇದರಲ್ಲಿ ಅವಮಾನ ಎಲ್ಲಿದೆಯೆಂದು ಯಾರೂ ತೋರಿಸಲಾರರು. ಆದರೂ ಅದನ್ನು ನೋಡಿದ ಪ್ರತಿಯೊಬ್ಬ ಇಂಗ್ಲಿಷನಿಗೆ ಮೇಲೆತ್ತಿದ ಹುಬ್ಬು ಕಾಣಿಸಿತು, ಆ ರಾತ್ರಿಯೇ ಆಕೆ ನೆರಳು ಸಂಪುಟದ, ಅಂದರೆ ವಿರೋಧಪಕ್ಷದ ಪರ್ಯಾಯ ಮಂತ್ರಿಮಂಡಲದ, ಸ್ಥಾನ ಕಳೆದುಕೊಂಡರು. ಬಿಳಿಯ ವ್ಯಾನು ಇಲ್ಲಿ ಗಾರೆಯವರ, ನಲ್ಲಿ ರಿಪೇರಿಯವರ, ಚಾವಣಿ ಹೊದಿಸುವವರ ಗುರುತು. ‘ವೈಟ್ ವ್ಯಾನ್ ಮ್ಯಾನ್’ ಎಂಬುದು ಅವರಿಗೆ ಬಿದ್ದ ಅಡ್ಡಹೆಸರು. ದುಡಿಯುವವರ ಹೆಸರಿನಲ್ಲೇ ಹುಟ್ಟಿದ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್, ಬಿಳಿಯ ವ್ಯಾನು ಕಂಡರೆ ತಮಗೆ ಅನ್ನಿಸುವುದು ಗೌರವ ಎಂದು ಬಾಯಿಬಿಟ್ಟು ಹೇಳಬೇಕಾಗಿ ಬಂತು. ಥಾರ್ನ್‌ಬೆರಿ ಸ್ವತಃ ಕೌನ್ಸಿಲ್ ಮನೆಯಲ್ಲಿ, ಅಂದರೆ ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಡುವ ಮನೆಯಲ್ಲಿ, ಬೆಳೆದವರು ಎಂಬುದನ್ನು ಸೇರಿಸದಿದ್ದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ನಮ್ಮ ಊರಿನ ಹಳೆಯ ಭಾಗದಲ್ಲೊಂದು ಚರ್ಚಿದೆ. ಅದರ ಗೋಪುರದ ಮೇಲೆ ವರ್ಷದಲ್ಲಿ ಹಲವು ದಿನ ಇದೇ ಸೇಂಟ್ ಜಾರ್ಜ್ ಬಾವುಟ ಹಾರುತ್ತದೆ. ಸುಣ್ಣದ ಕಲ್ಲು, ಯೂ ಮರಗಳು, ಭಾನುವಾರದ ಗಂಟೆಯ ನಡುವೆ ಅದನ್ನು ನೋಡಿದವರು ‘ಎಷ್ಟು ಚೆಂದ’ ಎನ್ನುತ್ತಾರೆ. ಅಲ್ಲಿಂದ ಅರ್ಧ ಮೈಲಿ ದೂರದ ಕೌನ್ಸಿಲ್ ಮನೆಗಳ ಬೀದಿಯಲ್ಲಿ ಅದೇ ಬಾವುಟ ಮಲಗುವ ಕೋಣೆಯ ಕಿಟಕಿಯಿಂದ ಇಳಿಬಿದ್ದರೆ, ‘ಎಷ್ಟು ಚೆಂದ’ ಎಂದ ಅದೇ ಬಾಯಿ ‘ಆ ಕಡೆ ಮನೆ ನೋಡಬೇಡಿ’ ಎನ್ನುತ್ತದೆ. ನಾವು ಮನೆ ಕೊಳ್ಳಲು ಹುಡುಕುತ್ತಿದ್ದಾಗ ನನಗೆ ಈ ಬುದ್ಧಿವಾದ ಹೇಳಿದವರು ಒಬ್ಬ ಸಂಭಾವಿತ ಇಂಗ್ಲಿಷ್ ಸಹೋದ್ಯೋಗಿ. ‘ಅದು, ನಿಮಗೆ ಗೊತ್ತಲ್ಲ, ಅಂಥ ಮನೆಗಳ ಬೀದಿ’ ಎಂದರು. ನಾನು ಗೊತ್ತೆಂಬಂತೆ ತಲೆಯಾಡಿಸಿದೆ. ಬಡವ, ನೀ ಮಡಗಿದಾಂಗಿರು ಎಂಬ ನಮ್ಮ ಗಾದೆಯನ್ನು ಇಂಗ್ಲಿಷರು ಬಾಯಿಬಿಟ್ಟು ಹೇಳುವುದಿಲ್ಲ, ‘ಅಂಥ’ ಎಂಬ ಒಂದು ಪದದಲ್ಲಿ ಮುಗಿಸುತ್ತಾರೆ.

ಆ ಪದವನ್ನು ನಾವೂ ಎಷ್ಟು ಬೇಗ ಕಲಿತೆವೆಂಬುದು ನನಗೆ ತಿಳಿದದ್ದು 2024ರ ಯೂರೋ ಕಪ್ ವೇಳೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಇಂಗ್ಲೆಂಡ್ ತಂಡದ ಅಂಗಿ ತೊಟ್ಟು, ಅಂಗಡಿಯಿಂದ ತಂದ ಬಾವುಟವನ್ನು ತನ್ನ ಕೋಣೆಯ ಕಿಟಕಿಗೆ ಕಟ್ಟಲು ಹೊರಟಳು. ಹೆಂಡತಿ ಬೇಡವೆಂದಳು. ನಮ್ಮಂಥವರು ಅದನ್ನು ಕಟ್ಟಿದರೆ ನಕ್ಕಾರೆಂಬ ಅಂಜಿಕೆಯಿರಬೇಕೆಂದು ನಾನು ಭಾವಿಸಿದ್ದೆ. ಅವಳು ಹೇಳಿದ ಕಾರಣ ಬೇರೆಯೇ ಇತ್ತು: ‘ನಮ್ಮದು ಅಂಥ ಮನೆಯಲ್ಲ’. ನಾನು ಮರುಮಾತಾಡಲಿಲ್ಲ. ಪಾಸ್‌ಪೋರ್ಟಿನಲ್ಲಿ, ಊಟದ ಮೇಜಿನ ಹರಟೆಯಲ್ಲಿ ನಾವು ‘ಬ್ರಿಟಿಷ್’ ಎಂದು ಸಲೀಸಾಗಿ ಹೇಳಿಕೊಳ್ಳುತ್ತೇವೆ. ‘ಇಂಗ್ಲಿಷ್’ ಎನ್ನಲು ನಾಲಿಗೆ ಹೊರಳುವುದಿಲ್ಲ. ಮಗಳ ನಾಲಿಗೆ ಹೊರಳುತ್ತದೆ, ನಾವು ಅದನ್ನು ಹಿಡಿದು ನಿಲ್ಲಿಸಿದೆವು. ಬಾವುಟ ಕೊನೆಗೆ ಕೋಣೆಯ ಒಳಗೋಡೆಗೆ ಅಂಟಿತು.

ಅಂಜಿಕೆಯೇ ಸುಳ್ಳೆಂದು ನಾನು ಹೇಳುತ್ತಿಲ್ಲ. 1970ರ ದಶಕದಲ್ಲಿ ವಲಸೆ ವಿರೋಧಿ ಪಕ್ಷವಾದ ನ್ಯಾಷನಲ್ ಫ್ರಂಟ್‌ನವರು ಯೂನಿಯನ್ ಜ್ಯಾಕ್ ಹಿಡಿದು ನಮ್ಮಂಥವರ ಬೀದಿಗಳಲ್ಲಿ ಮೆರವಣಿಗೆ ನಡೆಸಿದ್ದರು; 2009ರಲ್ಲಿ ಲೂಟನ್‌ನಲ್ಲಿ ಹುಟ್ಟಿದ ತೀವ್ರ ಬಲಪಂಥೀಯ ಸಂಘಟನೆ ಇಂಗ್ಲಿಷ್ ಡಿಫೆನ್ಸ್ ಲೀಗ್ ಕೆಂಪು ಶಿಲುಬೆಯನ್ನು ತನ್ನದಾಗಿಸಿಕೊಂಡಿತು. 2024ರ ಜುಲೈ ಕೊನೆಯಲ್ಲಿ ಸೌತ್‌ಪೋರ್ಟ್‌ನಲ್ಲಿ ಪುಟ್ಟ ಹೆಣ್ಣುಮಕ್ಕಳ ಕೊಲೆಯಾದ ಬಳಿಕ ಎದ್ದ ಗಲಭೆಗಳಲ್ಲಿ, ಆಶ್ರಯ ಕೋರಿದವರಿದ್ದ ರೋದರ್‌ಹ್ಯಾಮ್‌ನ ಹೋಟೆಲಿಗೆ ಮುತ್ತಿಗೆ ಬಿದ್ದ ಆ ವಾರ, ಬೀದಿಗಿಳಿದ ಕೆಲವರ ಹೆಗಲ ಮೇಲೆ ಇದೇ ಬಾವುಟವಿತ್ತು. ಆಸ್ಪತ್ರೆಯ ರಾತ್ರಿ ಪಾಳಿಗೆ ದಿನವೂ ಬಸ್ಸಿನಲ್ಲಿ ಹೋಗುವ ಹೆಂಡತಿಯನ್ನು ಆ ವಾರ ನಾನೇ ಕಾರಿನಲ್ಲಿ ಬಿಟ್ಟುಬರುತ್ತಿದ್ದೆ. 2025ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ದೀಪದ ಕಂಬಗಳಿಗೆ ಸಾಲುಸಾಲಾಗಿ ಬಾವುಟ ಕಟ್ಟಿದಾಗ, ಬೀದಿಯ ಪುಟ್ಟ ರೌಂಡ್‌ಅಬೌಟ್‌ಗಳ ಬಿಳಿಯ ದುಂಡಿನ ಮೇಲೆ ರಾತ್ರೋರಾತ್ರಿ ಕೆಂಪು ಬಣ್ಣ ಬಳಿದಾಗ, ನಮ್ಮ ಎದೆ ಡವಗುಟ್ಟಿದ್ದು ಸುಳ್ಳಲ್ಲ. ಸೆಪ್ಟೆಂಬರ್ 13ರಂದು, ಆ ಲೀಗ್ ಕಟ್ಟಿದವರಲ್ಲೊಬ್ಬನಾದ ಟಾಮಿ ರಾಬಿನ್ಸನ್ ಕರೆಗೆ ಓಗೊಟ್ಟು ಲಂಡನ್ನಿನಲ್ಲಿ ಸೇರಿದವರು, ಪೊಲೀಸರ ಅಂದಾಜಿನಲ್ಲೇ ಒಂದು ಲಕ್ಷ ಮೀರಿದ್ದರು. ಸ್ವಂತ ಕಿಟಕಿಗೆ ಕಟ್ಟಿದ ಬಾವುಟಕ್ಕೂ ಎಲ್ಲರ ಬೀದಿಯ ಕಂಬಕ್ಕೆ ಯಾರೋ ಕಟ್ಟಿದ ಬಾವುಟಕ್ಕೂ ವ್ಯತ್ಯಾಸವಿದೆ. ಮೊದಲನೆಯದು ‘ನಾನಿಲ್ಲಿದ್ದೇನೆ’ ಎನ್ನುತ್ತದೆ, ಎರಡನೆಯದು ‘ಇದು ಯಾರ ಜಾಗ, ಗೊತ್ತೇ’ ಎಂದು ಕೇಳುತ್ತದೆ. ಆದರೆ ಮೊದಲನೆಯದನ್ನೂ ವರ್ಷಾನುಗಟ್ಟಲೆ ಮೂಗು ಮುರಿದು ನೋಡಿದವರು, ಎರಡನೆಯದನ್ನು ಕಟ್ಟುವವರ ಕೈಗೆ ತಾವೇ ಏಣಿ ಕೊಟ್ಟರೆಂದು ನನಗೆ ಅನ್ನಿಸುತ್ತದೆ.

ನವೆಂಬರಿನಲ್ಲಿ ನಾವು ರಾಜ್ಯೋತ್ಸವಕ್ಕೆಂದು ಇಲ್ಲಿ ಒಂದು ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಹಿಡಿಯುತ್ತೇವೆ. ಒಂದು ಸಲ ಹಳದಿ-ಕೆಂಪು ಬಾವುಟ ವೇದಿಕೆಯ ಮೇಲಿನ ಕಂಬಿಗೆ ಎಟುಕದಿದ್ದಾಗ ಅಲ್ಲಿನ ಕಾವಲುಗಾರ ಏಣಿ ತಂದು, ತಾನೇ ಹತ್ತಿ, ದಾರ ಬಿಗಿದುಕೊಟ್ಟ. ಇದು ಯಾವ ದೇಶದ್ದೆಂದು ಕೇಳಿದ. ದೇಶದ್ದಲ್ಲ, ನಮ್ಮ ನಾಡಿನದು, ನುಡಿಯದು ಎಂದೆ. ಇಳಿಯುತ್ತ, ‘ನಿಮ್ಮದನ್ನು ಕಟ್ಟಿದರೆ ಸಂಸ್ಕೃತಿ, ನಾನು ನನ್ನದನ್ನು ಕಟ್ಟಿದರೆ ಕೇಸು’ ಎಂದು ನಕ್ಕ. ಕೇಸೇನೂ ಆಗುವುದಿಲ್ಲ, ಅದು ಅತಿಶಯೋಕ್ತಿ. ಆದರೂ ನನಗೆ ಬೆಂಗಳೂರಿನ ಆಟೋ ನಿಲ್ದಾಣಗಳು ನೆನಪಾದವು: ಮ. ರಾಮಮೂರ್ತಿಯವರು ರೂಪಿಸಿದ ಈ ಬಾವುಟವನ್ನು ಅಲ್ಲಿನ ಚಾಲಕರು ರಾಜಕುಮಾರ್ ಚಿತ್ರದ ಪಕ್ಕ ವರ್ಷವಿಡೀ ಹಾರಿಸುತ್ತಾರೆ, ಎದುರಿನ ಬಹುಮಹಡಿ ಕಟ್ಟಡಗಳಲ್ಲಿ ಅದನ್ನು ಗಲಾಟೆಯವರ ಬಾವುಟವೆಂದು ಕಾಣುವ ಕಣ್ಣುಗಳಿಗೇನೂ ಕೊರತೆಯಿಲ್ಲ.

ನನ್ನ ಪಕ್ಕದ ಮನೆಯವರು ಚಾವಣಿ ಕೆಲಸದವರು. ಅವರಿಗೂ ಒಂದು ಬಿಳಿಯ ವ್ಯಾನು ಇದೆ. ಪಂದ್ಯಾವಳಿ ಬಂದಾಗಲೆಲ್ಲ ಕಿಟಕಿಗೆ ಬಾವುಟ ಕಟ್ಟುತ್ತಾರೆ. 2024ರ ಯೂರೋ ಕಪ್ಪಿನ ಬರ್ಲಿನ್ ಫೈನಲ್‌ನಲ್ಲಿ ಸ್ಪೇನ್ ಎದುರು ಇಂಗ್ಲೆಂಡ್ ಸೋತ ಮರುದಿನ ಬೆಳಿಗ್ಗೆಯೇ ಅದನ್ನು ಬಿಚ್ಚಿ, ಮಡಚಿ ಒಳಗಿಟ್ಟರು. ನಮ್ಮ ಬೀದಿಯ ಕಂಬಗಳಿಗೆ 2025ರ ಆಗಸ್ಟಿನಲ್ಲಿ ಬಾವುಟ ಕಟ್ಟಿದವರು ಯಾರೆಂದು ಅವರಿಗೂ ಗೊತ್ತಿಲ್ಲ. ಚಳಿಗಾಲದ ಗಾಳಿಗೆ ಅವು ಅಂಚು ಹರಿದು, ಕೆಂಪು ಮಾಸಿ ಗುಲಾಬಿಯಾಗಿ, ಕಂಬಕ್ಕೆ ಸುತ್ತಿಕೊಂಡು ನೇತಾಡುತ್ತಿವೆ. ಕಟ್ಟಿದವರು ಮತ್ತೆ ಈ ಕಡೆ ಬಂದಿಲ್ಲ. ನಿಮ್ಮ ಬಳಿ ಉದ್ದದ ಏಣಿ ಇದೆಯಲ್ಲ ಎಂದು ಮೊನ್ನೆ ಅವರನ್ನು ಕೇಳಿದೆ. ಹಾಗೆ ನೇತಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ಇಳಿಸಲು ಹತ್ತಿದರೆ ಯಾರಾದರೂ ಮೊಬೈಲಿನಲ್ಲಿ ವಿಡಿಯೊ ಮಾಡಿ ದೇಶದ್ರೋಹಿ ಎಂದು ಹಾಕುತ್ತಾರೆ ಎಂದರು.

ಇಂತಿ,
ಒಬ್ಬ ಓದುಗ
ವೆಸ್ಟ್ ಮಿಡ್‌ಲ್ಯಾಂಡ್ಸ್, ಇಂಗ್ಲೆಂಡ್