ಟ್ರಾಲಿಂಗ್ ಬೇರೆ, ಟ್ರೋಲಿಂಗ್ ಬೇರೆ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ಬಂದಿತ್ತು. ತೋಳುದ್ದದ ಅಂಜಲ್ ಮೀನು ಹಿಡಿದು ನಿಂತ ಇಬ್ಬರು ಯುವಕರು, ಒಬ್ಬನ ಕೈಯಲ್ಲಿ ಗಾಳದ ರಾಡ್, ಹಿಂದೆ ಪುಟ್ಟ ಫೈಬರ್ ದೋಣಿ. ಕೆಳಗೆ ‘ಟ್ರಾಲಿಂಗ್‌ಗೆ ಸಿಕ್ಕ ಭಾರೀ ಅಂಜಲ್’ ಎಂಬ ಬರಹ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ಕಾಗುಣಿತ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದೆ. ಈ ತಪ್ಪಿಗೆ ಅರ್ಧ ಅಂಕ ಸಾಲದು. ‘ಟ್ರಾ’ ಎಂದರೆ ಒಂದು ಬಗೆಯ ದೋಣಿ, ‘ಟ್ರೋ’ ಎಂದರೆ ಇನ್ನೊಂದು ಬಗೆಯದು.

ಟ್ರಾಲಿಂಗ್ ಏನೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಚೀಲದಂತಹ ಬಲೆಯನ್ನು ನೀರಿನ ತಳದಲ್ಲಿ ಎಳೆದುಕೊಂಡು ಹೋಗುವ ದೊಡ್ಡ ಬೋಟ್, ಏಳೆಂಟು ಮಂದಿ, ವೈರ್‌ಲೆಸ್, ಮಂಜುಗಡ್ಡೆ, ಅಡುಗೆ ಎಲ್ಲ ಒಳಗೇ. ಬಲೆಗೆ ಬಿದ್ದದ್ದೆಲ್ಲ ಬರುತ್ತದೆ, ಬರಬಾರದ ಮರಿಗಳೂ ಬರುತ್ತವೆ. ಟ್ರೋಲಿಂಗ್‌ನಲ್ಲಿ ಬಲೆಯೇ ಇಲ್ಲ. ದೋಣಿಯ ಹಿಂದೆ ಇಪ್ಪತ್ತೈದು, ಮೂವತ್ತು ಮೀಟರ್ ದೂರದಲ್ಲಿ ಒಂದೆರಡು ಗಾಳಗಳನ್ನು ಇಳಿಬಿಟ್ಟು ಗಂಟೆಗೆ 8ರಿಂದ 10 ಕಿಲೋಮೀಟರ್ ವೇಗದಲ್ಲಿ ಸುತ್ತುವುದು, ಅಷ್ಟೇ. ಗಾಳದ ತುದಿಯಲ್ಲಿ ಈಗ ಪ್ಲಾಸ್ಟಿಕ್ಕಿನ ನಕಲಿ ಮೀನು; ನನ್ನ ಅಪ್ಪ ಬಿಳಿ ಕೋಳಿಯ ಗರಿ ಕಟ್ಟುತ್ತಿದ್ದರು. ಗಾಳದ ಹತ್ತಿರ ಗೇಣುದ್ದ ಸ್ಟೀಲ್ ತಂತಿ ಇರಲೇಬೇಕು, ಇಲ್ಲದಿದ್ದರೆ ಅಂಜಲ್ ತನ್ನ ಹಲ್ಲಿನಿಂದ ನೈಲಾನನ್ನು ಕತ್ತರಿಸಿಕೊಂಡು ಹೋಗುತ್ತದೆ. ಸಿಗುವುದು ಅಂಜಲ್, ಕೇದರ್ (ಟ್ಯೂನಾ), ಅದೃಷ್ಟವೋ ದುರದೃಷ್ಟವೋ ಇದ್ದರೆ ಅವಕ್ಕಿಂತ ದೊಡ್ಡದು. ಹಲವು ದಿನ 15 ಲೀಟರ್ ಪೆಟ್ರೋಲ್ ಸುಟ್ಟು ಬರಿಗೈಯಲ್ಲಿ ಬರುವುದೂ ಇದೆ. ಮನೆಯಲ್ಲಿ ಅದರ ಲೆಕ್ಕ ಕೇಳುವವರಿದ್ದಾರೆ. ಆ ವಿಷಯ ಇಲ್ಲಿ ಬೇಡ.

ಈ ಒಂದಕ್ಷರದ ಬಿಸಿ ನನಗೇ ತಟ್ಟಿದೆ. ಎರಡು ವರ್ಷಗಳ ಹಿಂದೆ, ಜುಲೈ ಕೊನೆಯ ವಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ. 10 ಅಶ್ವಶಕ್ತಿ ಮೀರದ ಇಂಜಿನ್‌ನ ನಾಡದೋಣಿಗಳಿಗಿಲ್ಲ. ನಮ್ಮದು 9.9. ದುರಸ್ತಿಯಾಗಿ ಬಂದ ಇಂಜಿನ್ನನ್ನು ಕೋಡಿಬೆಂಗ್ರೆಯ ಹೊಳೆಯೊಳಗೇ ಓಡಿಸಿ ನೋಡೋಣವೆಂದು ಹೊರಟಿದ್ದೆವು. ದಡದಲ್ಲಿ ತಪಾಸಣೆಗೆ ನಿಂತವರೊಬ್ಬರು ರಾಡ್ ಕಂಡು ಇದು ಏಕೆ ಎಂದು ಕೇಳಿದರು. ನನ್ನ ಅಕ್ಕನ ಮಗ ಬಹಳ ಗತ್ತಿನಿಂದ ‘ಟ್ರೋಲಿಂಗ್ ಸಾರ್’ ಎಂದ. ಅವರ ಕಿವಿಗೆ ಬಿದ್ದದ್ದು ಟ್ರಾಲಿಂಗ್. ಬಲೆ ಎಲ್ಲಿ ಅಡಗಿಸಿದ್ದೀರಿ ಎಂದು ವಿಚಾರಣೆ ಶುರುವಾಯಿತು. ಇಲ್ಲದ ಬಲೆಯನ್ನು ಎಲ್ಲಿಂದ ತೋರಿಸುವುದು? ಐಸ್ ಪೆಟ್ಟಿಗೆ ತೆರೆಸಿದರು, ಒಳಗೆ ಒಂದು ಡಬ್ಬಿ ಅವಲಕ್ಕಿ. ಅರ್ಧ ಗಂಟೆಯ ಮೇಲೆ, ಬಲೆ ಹೆಣೆಯುತ್ತ ಕುಳಿತಿದ್ದ ಹಿರಿಯರೊಬ್ಬರು ತಲೆಯೆತ್ತದೆಯೇ ‘ಅವರು ಗಾಳ ಎಳೆಯುವವರು ಮಾರಾಯರೇ, ಬಿಡಿ’ ಎಂದರು. ಬಿಟ್ಟರು. ಅಪ್ಪನ ಕಾಲದ ಮಾತು ಇಂಗ್ಲಿಷಿಗಿಂತ ಬೇಗ ಅರ್ಥವಾಯಿತು.

ಆದರೆ ನಾನು ಪತ್ರ ಬರೆಯಲು ಕೂತದ್ದು ಆ ನಗೆಪಾಟಲಿಗಾಗಿ ಅಲ್ಲ. ಚಿತ್ರದ ಯುವಕರಿಬ್ಬರೂ ಲೈಫ್ ಜಾಕೆಟ್ ಹಾಕಿರಲಿಲ್ಲ. ‘ಟ್ರಾಲಿಂಗ್’ ಎಂದು ಓದಿದವರ ಕಣ್ಣಿಗೆ ದೊಡ್ಡ ಬೋಟ್ ಬರುತ್ತದೆ. ಆ ಹದಿನೆಂಟು ಅಡಿಯ ದೋಣಿ, ಅಂಚಿನಿಂದ ಮೊಳದಷ್ಟು ಕೆಳಗೆ ಇರುವ ನೀರು, ಕಾಣುವುದಿಲ್ಲ.

ನಮಗೂ ಕಂಡಿರಲಿಲ್ಲ. 2022ರ ಫೆಬ್ರವರಿಯ ಒಂದು ಬೆಳಿಗ್ಗೆ ನಾನು, ಭಾವ, ಅಕ್ಕನ ಮಗ ಮೂವರೂ ತೆಂಗಿನ ಸಾಲು ಮುಳುಗಿ ಘಟ್ಟದ ನೆರಳು ಮಾತ್ರ ಉಳಿಯುವಷ್ಟು ದೂರ ಹೋಗಿದ್ದೆವು. ಹನ್ನೊಂದರ ಹೊತ್ತಿಗೆ ಒಂದು ಗಾಳ ಹಿಡಿಯಿತು. ರೀಲ್ ಕಿರುಚಿಕೊಂಡು ನೂಲು ಬಿಡತೊಡಗಿತು, ದೂರದಲ್ಲಿ ನೀರು ಒಡೆದು ಮೇಲೆದ್ದದ್ದು ಸೈಲ್‌ಫಿಶ್. ಬೆನ್ನಿನ ಮೇಲೆ ಬಿಚ್ಚಿದ ಹಾಯಿಯಂತಹ ರೆಕ್ಕೆ, ಈಟಿಯಂತಹ ಮೂತಿ. ಅಂಥದ್ದನ್ನು ನಾನು ಅದುವರೆಗೆ ಹರಾಜಿನ ಕಟ್ಟೆಯ ಮೇಲೆ ಸತ್ತದ್ದು ಮಾತ್ರ ನೋಡಿದ್ದೆ. ಒಂದು ಗಾಳ ಹಿಡಿದ ತಕ್ಷಣ ಇನ್ನೊಂದನ್ನು ಸುತ್ತಿ ಒಳಗೆ ಹಾಕಬೇಕು, ಇದು ಮೊದಲ ಪಾಠ. ಆ ಕೆಲಸ ಅಕ್ಕನ ಮಗನದು. ಅವನು ಮೊಬೈಲ್ ತೆಗೆದು ವಿಡಿಯೋ ಮಾಡುತ್ತ ನಿಂತ. ಸಡಿಲವಾದ ಎರಡನೆಯ ನೂಲು ನೇರವಾಗಿ ಪ್ರೊಪೆಲ್ಲರ್‌ಗೆ ಸುತ್ತಿತು, ಇಂಜಿನ್ ನಿಂತಿತು.

ನಮ್ಮ ಕಡಲಿನಲ್ಲಿ ಆ ತಿಂಗಳುಗಳಲ್ಲಿ ಬೆಳಗಿನ ಗಾಳಿ ನೆಲದಿಂದ, ಮಧ್ಯಾಹ್ನದ ಗಾಳಿ ವಾಯವ್ಯದಿಂದ. ಅದು ಏಳುವ ಹೊತ್ತು ಅದೇ ಆಗಿತ್ತು. ನಾನು ರಾಡ್ ಹಿಡಿದು ಹಿಂಬದಿಯಲ್ಲೇ ನಿಂತಿದ್ದೆ. ಮೀನು ಎಳೆದಂತೆಲ್ಲ ದೋಣಿಯ ತಗ್ಗಾದ ಹಿಂಬದಿ ಅಲೆಗೆ ಎದುರಾಯಿತು, ಎರಡು ಸಲ ನೀರು ಒಳಗೇ ಬಂತು. ಮುಂಬದಿಗೆ ಹೋಗಿ ಎಂದು ಭಾವ ಕೂಗಿದರು. ಹೋಗುವಾಗ ಆಯ ತಪ್ಪದಿರಲೆಂದು ರಾಡನ್ನು ಕ್ಷಣ ಹಿಡಿದುಕೋ ಎಂದರೆ ಅಕ್ಕನ ಮಗ ಕೈ ಹಿಂದೆಳೆದ. ಇನ್ನೊಬ್ಬರು ರಾಡ್ ಮುಟ್ಟಿದರೆ ದಾಖಲೆಗೆ ಪರಿಗಣಿಸುವುದಿಲ್ಲವಂತೆ, ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಸ್ಥೆಯ ನಿಯಮ. 1939ರಲ್ಲಿ ಹುಟ್ಟಿದ ಆ ಸಂಸ್ಥೆಯ ನಿಯಮ ಅದು ಹೌದೇ ಹೌದು. ಆದರೆ ಮೂವರಿಗೆ ಎರಡೇ ಲೈಫ್ ಜಾಕೆಟ್ ಇದ್ದ ದೋಣಿಯಲ್ಲಿ, ಅದರಲ್ಲೊಂದನ್ನು ನಾನು ಬೆಳಗಿನಿಂದ ಕೂರುವ ದಿಂಬು ಮಾಡಿಕೊಂಡಿದ್ದಾಗ, ಅದು ನೆನಪಾಗಬೇಕಾದ ನಿಯಮವಾಗಿರಲಿಲ್ಲ. ಭಾವ ಇಂಜಿನ್ ಮೇಲೆತ್ತಿ, ಹೊಟ್ಟೆಯ ಮೇಲೆ ಮಲಗಿ, ಮೀನು ಕೊಯ್ಯುವ ಚೂರಿಯಿಂದ ನೈಲಾನನ್ನು ಎಳೆ ಎಳೆಯಾಗಿ ಬಿಡಿಸಿದರು. ನಾನು ನನ್ನ ನೂಲನ್ನು ಕತ್ತರಿಸಿದೆ. ಗಾಳ ಬಾಯಲ್ಲೇ ಉಳಿದ ಮೀನು ಏನಾಯಿತೋ. ಅದು ಇವತ್ತಿಗೂ ಮನಸ್ಸಿಗೆ ಹಿತವಲ್ಲ.

ಹಿಂದಿರುಗುವಾಗ ಅಳಿವೆಯಲ್ಲಿ ಇಳಿತ ಜೋರಾಗಿತ್ತು. ಸೀತಾ, ಸ್ವರ್ಣಾ ಎರಡೂ ಹೊಳೆಗಳ ನೀರು ಹೊರಗೆ ನುಗ್ಗುವಾಗ ಕಡಲ ಅಲೆ ಎದುರಾದರೆ ಅಲ್ಲಿ ಅಲೆ ಗೋಡೆಯಂತೆ ನಿಲ್ಲುತ್ತದೆ. ಭಾವ ಒಳಗೆ ನುಗ್ಗದೆ ಹೊರಗೇ ಕಾದರು. ನಲವತ್ತು ನಿಮಿಷ ಯಾರೂ ಮಾತನಾಡಲಿಲ್ಲ. ಡಬ್ಬಿಯಲ್ಲಿದ್ದ ಅವಲಕ್ಕಿಗೆ ಉಪ್ಪುನೀರು ಸೇರಿತ್ತು, ಆದರೂ ತಿಂದೆವು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ. ಟ್ರೋಲಿಂಗ್ ಎಂದು ಸರಿಯಾಗಿ ಬರೆದರೂ ಈಗಿನ ಹುಡುಗರಿಗೆ ಅದು ಫೇಸ್‌ಬುಕ್‌ನಲ್ಲಿ ಕಾಲೆಳೆಯುವುದು ಎಂದೇ ಅರ್ಥವಾಗುತ್ತದೆ. ‘ಎಳೆಗಾಳ’ ಎಂದು ಬರೆಯಿರಿ. ಓದಿದ ಕೂಡಲೇ ದಾರ, ಕೈ, ಸಣ್ಣ ದೋಣಿ ಕಾಣುತ್ತವೆ. ಮುಂದೆ ಇಂತಹ ಚಿತ್ರ ಬಂದಾಗ ಮೀನಿನ ತೂಕದ ಜತೆಗೆ ದೋಣಿಯ ಉದ್ದವನ್ನೂ ಕೇಳಿ ಹಾಕಿ, ಜಾಕೆಟ್ ಎಲ್ಲಿತ್ತೆಂದೂ ಕೇಳಿ. ಇನ್ನೊಂದು: ಎರಡನೆಯ ಪುಟದಲ್ಲಿ ಪ್ರತಿದಿನ ಚಿನ್ನದ ದರ ಹಾಕುತ್ತೀರಿ. ಅದರ ಪಕ್ಕ ಎರಡು ಸಾಲಿನ ಜಾಗದಲ್ಲಿ ಮಲ್ಪೆಯ ಉಬ್ಬರ, ಇಳಿತದ ಸಮಯ ಹಾಕಬಹುದಲ್ಲವೇ? ನಮ್ಮ ಮನೆಯಲ್ಲಿ ಚಿನ್ನ ಕೊಳ್ಳುವುದು ಮದುವೆಗೆ ಮಾತ್ರ, ಅಳಿವೆ ದಾಟುವುದು ವಾರಕ್ಕೆರಡು ಸಲ.

ಇಂತಿ,
ನಿವೃತ್ತ ಕನ್ನಡ ಶಿಕ್ಷಕ,
ಕೋಡಿಬೆಂಗ್ರೆ, ಉಡುಪಿ ಜಿಲ್ಲೆ