ಅಂಕ ಕಡಿಮೆ ಅಂತ ಸಂಗೀತಕ್ಕೆ ಕಳಿಸಬೇಡಿ, ಅಂಕ ಕಡಿಮೆ ಅಂತ ತಡೆಯಲೂ ಬೇಡಿ

ಸಂಪಾದಕರಿಗೆ ನಮಸ್ಕಾರ.

ಶಿಕ್ಷಣ ಪುರವಣಿಗಳಲ್ಲಿ ಆಗಾಗ ಒಂದು ಸಲಹೆ ಕಣ್ಣಿಗೆ ಬೀಳುತ್ತದೆ. ಅಂಕ ಕಡಿಮೆ ಬಂದವರು ಎದೆಗುಂದಬೇಕಿಲ್ಲ, ಸಂಗೀತದಂಥ ಕೋರ್ಸ್‌ಗಳೂ ಇವೆಯಲ್ಲ ಅಂತ. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಪಿಯಾನೊ ಕಲಿಸುತ್ತಾ, ಆಡಿಷನ್‌ಗೆ, ಅಂದರೆ ಸೀಟಿಗಾಗಿ ನುಡಿಸಿ ಅಥವಾ ಹಾಡಿ ತೋರಿಸುವ ಪರೀಕ್ಷೆಗೆ, ಹೋಗುವ ಮಕ್ಕಳಿಗೆ ಪಕ್ಕವಾದ್ಯ ನುಡಿಸುತ್ತಾ ಬಂದ ನನಗೆ ಆ ಸಾಲು ಓದಿದಾಗಲೆಲ್ಲ ಮೈ ಉರಿಯುತ್ತದೆ. ಸಂಗೀತ ವಿಭಾಗ ಬೇರೆಲ್ಲೂ ಸೀಟು ಸಿಗದವರು ತಂಗುವ ಛತ್ರ ಅಲ್ಲ. ಇನ್ನು ಕೆಲವರದ್ದು ಇದಕ್ಕೆ ತದ್ವಿರುದ್ಧ. ಮಗಳು ಪಿಟೀಲು ಸೊಗಸಾಗಿ ನುಡಿಸುತ್ತಾಳೆ, ಆದರೂ "ನಿನ್ನ ಮಾರ್ಕ್ಸ್ ನೋಡಿ ಯಾರು ಸೇರಿಸಿಕೊಳ್ಳುತ್ತಾರೆ" ಎಂದು ಅರ್ಜಿಯನ್ನೇ ಹಾಕಲು ಬಿಡುವುದಿಲ್ಲ. ಇಬ್ಬರೂ ಒಂದು ಸರಳ ಪ್ರಶ್ನೆ ಕೇಳಿರುವುದಿಲ್ಲ. ಆ ಕೋರ್ಸ್‌ಗೆ ಸೀಟು ಕೊಡುವವರು ಯಾರು?

ಇದಕ್ಕೆ ಎಲ್ಲ ಕಡೆ ಒಂದೇ ಉತ್ತರ ಇಲ್ಲ. ಬರೀ ಸಂಗೀತಕ್ಕಾಗಿಯೇ ಇರುವ ಕನ್ಸರ್ವೇಟರಿಗಳಲ್ಲಿ ಬಹುಮಟ್ಟಿಗೆ ಆಡಿಷನ್ನೇ ಎಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ 1822ರಲ್ಲಿ ಶುರುವಾದದ್ದು, ದೊಡ್ಡ ಹೆಸರು. ಅಲ್ಲಿ ಪದವಿಗೆ ಸೇರಲು ಎ-ಲೆವೆಲ್‌ನಲ್ಲಿ, ಅಂದರೆ ಅಲ್ಲಿನ ಶಾಲೆಯ ಕೊನೆಯ ಪರೀಕ್ಷೆಯಲ್ಲಿ, ಎರಡು ವಿಷಯ ಪಾಸಾಗಿದ್ದರೆ ಸಾಕು, ಅದೂ 'ಇ' ದರ್ಜೆ, ಅಂದರೆ ಪಾಸಾಗುವುದಕ್ಕೆ ಇರುವ ಕೊನೆಯ ದರ್ಜೆ. ಆದರೆ ಆಡಿಷನ್ ಕೋಣೆಯಲ್ಲಿ ಕೂತವರು ಒಪ್ಪಬೇಕು, ಅವರು ಸುಲಭಕ್ಕೆ ಒಪ್ಪುವವರಲ್ಲ. ಅದೇ ದೇಶದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಲ್ಲೂ ಸಂಗೀತದ ಪದವಿ ಇದೆ. ಅಲ್ಲಿ ಸಂಗೀತ ಇತಿಹಾಸದ ಹಾಗೆ, ಸಾಹಿತ್ಯದ ಹಾಗೆ ಓದಿ ಬರೆಯುವ ವಿಷಯ, ಕೇಳುವುದೂ ಮೇಲಿನ ದರ್ಜೆಗಳನ್ನೇ. ಜರ್ಮನಿಯ ಸಂಗೀತ ವಿದ್ಯಾಲಯಗಳಲ್ಲಂತೂ ಶಾಲೆಯ ಕೊನೆಯ ಪರೀಕ್ಷೆ ಪಾಸಾಗದವರನ್ನೂ ಅಸಾಧಾರಣ ಪ್ರತಿಭೆ ಇದ್ದರೆ ಕಲಾ ಪದವಿಗೆ ಸೇರಿಸಿಕೊಳ್ಳಲು ನಿಯಮದಲ್ಲೇ ಅವಕಾಶ ಇದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಸಂಗೀತ ಶಾಲೆ ಕರ್ಟಿಸ್ ಇನ್‌ಸ್ಟಿಟ್ಯೂಟ್ 1928ರಿಂದ ಯಾರ ಹತ್ತಿರವೂ ಬೋಧನಾ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ, ಆರಿಸುವುದು ನುಡಿಸಾಣಿಕೆ ನೋಡಿ.

ದೊಡ್ಡ ಯೂನಿವರ್ಸಿಟಿಯೊಳಗೆ ಇರುವ ಸಂಗೀತ ಶಾಲೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಎರಡು ಬಾಗಿಲು. ಅಮೆರಿಕದ ಇಂಡಿಯಾನ ಯೂನಿವರ್ಸಿಟಿಯ ಜೇಕಬ್ಸ್ ಸ್ಕೂಲ್ ಆಫ್ ಮ್ಯೂಸಿಕ್‌ಗೆ ಸೇರಬೇಕು ಅಂದರೆ ಸಂಗೀತದವರೂ ಒಪ್ಪಬೇಕು, ಯೂನಿವರ್ಸಿಟಿಯ ಪ್ರವೇಶ ಕಚೇರಿಯೂ ಒಪ್ಪಬೇಕು. ಅಮೆರಿಕದ್ದೇ ಆದ ಓಬರ್ಲಿನ್ ಕಾಲೇಜಿನಲ್ಲಿ ಸಂಗೀತ ಮತ್ತು ಬೇರೊಂದು ವಿಷಯ ಒಟ್ಟಿಗೆ ಓದುವ ಐದು ವರ್ಷದ ಜೋಡಿ ಪದವಿ ಇದೆ, ಅದಕ್ಕೆ ಕನ್ಸರ್ವೇಟರಿಯೂ ಕಾಲೇಜೂ ಬೇರೆ ಬೇರೆಯಾಗಿ ತೀರ್ಮಾನ ಮಾಡುತ್ತವೆ. ಇಂಥ ಕಡೆ ಆಡಿಷನ್ ಅದ್ಭುತವಾಗಿ ಆಗಿ, ಮೇಷ್ಟ್ರು ಕೈಕುಲುಕಿ ಕಳಿಸಿ, ಆಮೇಲೆ ಪ್ರವೇಶ ಕಚೇರಿಯಿಂದ ಇಲ್ಲ ಅಂತ ಪತ್ರ ಬರಬಹುದು. ಆ ಪತ್ರ ಹಿಡಿದು ಕೂತ ಹುಡುಗನಿಗೆ ಸಮಾಧಾನ ಹೇಳುವುದು ತುಂಬ ಕಷ್ಟ, ಯಾಕೆಂದರೆ ಅವನ ಕೆಲಸ ಅವನು ಸರಿಯಾಗಿಯೇ ಮಾಡಿರುತ್ತಾನೆ. ಕೆಲವು ಕಡೆ ಸಂಗೀತ ವಿಭಾಗದವರು ತಮಗೆ ಬೇಕಾದ ವಿದ್ಯಾರ್ಥಿಗಾಗಿ ಪ್ರವೇಶ ಕಚೇರಿಗೆ ಒಂದು ಮಾತು ಹೇಳುತ್ತಾರೆ. ಮಾರ್ಕ್ಸ್ ಅಂಚಿನಲ್ಲಿದ್ದರೆ ಅದು ಕೆಲಸ ಮಾಡುತ್ತದೆ, ತೀರಾ ಕೆಳಗಿದ್ದರೆ ಮಾಡುವುದಿಲ್ಲ.

ಹಾಗಾಗಿ ಅರ್ಜಿ ಹಾಕುವ ಮೊದಲೇ ಒಂದು ಇಮೇಲ್ ಬರೆದು ನೇರವಾಗಿ ಕೇಳಿ. ಕನಿಷ್ಠ ಇಷ್ಟೇ ಅಂಕ ಇರಬೇಕು ಎಂಬ ನಿಯಮ ಇದೆಯೇ? ಇದ್ದರೆ ಆಡಿಷನ್ ಚೆನ್ನಾಗಿ ಆದವರಿಗೆ ಅದರಲ್ಲಿ ಸಡಿಲಿಕೆ ಉಂಟೇ? ಹೀಗೆ ಕೇಳಿದರೆ ನಮ್ಮ ಬಣ್ಣ ಬಯಲಾಗುತ್ತದೆ ಅಂತ ಮಕ್ಕಳು ಹೆದರುತ್ತಾರೆ. ಅಂಕಪಟ್ಟಿ ಹೇಗೂ ಅವರ ಕೈಗೇ ಹೋಗುತ್ತದೆ, ಮುಚ್ಚಿಡಲು ಏನಿದೆ ಹೇಳಿ?

ಕೋರ್ಸ್ ಯಾವುದು ಅನ್ನುವುದೂ ಅಷ್ಟೇ ಮುಖ್ಯ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸಂಗೀತ ಪದವಿ ಅಂತ ಒಂದೇ ಹೆಸರು ಹೇಳುತ್ತೇವೆ, ಒಳಗೆ ಹತ್ತು ತರ ಇವೆ. ವಾದನ, ಗಾಯನಕ್ಕೆ ಆಡಿಷನ್. ಸಂಯೋಜನೆಗೆ ನೀವೇ ಬರೆದ ಕೃತಿಗಳ ಸ್ವರಲಿಪಿ, ಜೊತೆಗೆ ರೆಕಾರ್ಡಿಂಗ್. ಶಾಲೆಯಲ್ಲಿ ಸಂಗೀತ ಕಲಿಸುವ ಶಿಕ್ಷಕರ ಕೋರ್ಸ್ ಆದರೆ ಮಾರ್ಕ್ಸ್ ಬಗ್ಗೆ ಬಿಗಿ ಜಾಸ್ತಿ, ಯಾಕೆಂದರೆ ಅಲ್ಲಿ ಸಂಗೀತದ ಜೊತೆ ಶಿಕ್ಷಕರ ಅರ್ಹತೆಯ ನಿಯಮಗಳೂ ಸೇರಿಕೊಳ್ಳುತ್ತವೆ. ಸೌಂಡ್ ಎಂಜಿನಿಯರಿಂಗ್ ಕಡೆ ಹೋದರೆ ಕೆಲವರು ಗಣಿತ, ಭೌತವಿಜ್ಞಾನ ಕೇಳುತ್ತಾರೆ. ಲೆಕ್ಕದಲ್ಲಿ ಫೇಲಾಗಿ ಸಂಗೀತಕ್ಕೆ ಬಂದವನು "ನಂಗೆ ಮ್ಯೂಸಿಕ್ ಟೆಕ್ನಾಲಜಿ ಬೇಕು" ಅಂದರೆ ನಾನು ಮೊದಲು ಕೋರ್ಸಿನ ವಿಷಯಗಳ ಪಟ್ಟಿ ಓದಿಕೊಂಡು ಬಾ ಅನ್ನುತ್ತೇನೆ.

ಸೇರಿದ ಮೇಲೂ ಓದು ತಪ್ಪುವುದಿಲ್ಲ. ಅಮೆರಿಕದಲ್ಲಿ ಸಂಗೀತ ಶಾಲೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯ ನಿಯಮದ ಪ್ರಕಾರ ವೃತ್ತಿಪರ ಬ್ಯಾಚುಲರ್ ಆಫ್ ಮ್ಯೂಸಿಕ್‌ನಲ್ಲಿ ಕನಿಷ್ಠ ಶೇ 65ರಷ್ಟು ಪಾಠ ಸಂಗೀತದ್ದಿರಬೇಕು. ಸಂಗೀತದಲ್ಲಿ ಬಿ.ಎ. ಮಾಡಿದರೆ ಅದು ಶೇ 30ರಿಂದ 45. ಉಳಿದದ್ದು ಬೇರೆ ವಿಷಯ. ಆ ಶೇ 65ರಲ್ಲೂ ಎಲ್ಲ ನುಡಿಸುವುದೇ ಅಲ್ಲ, ಸಂಗೀತ ಶಾಸ್ತ್ರ ಇದೆ, ಕೇಳಿ ಬರೆಯುವ ಅಭ್ಯಾಸ ಇದೆ, ಇತಿಹಾಸದ ಪ್ರಬಂಧಗಳಿವೆ. ಓದುವುದೇ ಬೇಡ ಅಂತ ಸಂಗೀತಕ್ಕೆ ಬಂದವರು ಮೊದಲ ವರ್ಷವೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಈಗ ಮಾರ್ಕ್ಸ್ ಯಾಕೆ ಕಡಿಮೆ ಅಂತ ವಿವರಿಸುವ ಪತ್ರದ ವಿಷಯ. ಮಕ್ಕಳು ತಂದು ತೋರಿಸುವ ಕರಡುಗಳಲ್ಲಿ ಹೆಚ್ಚುಕಡಿಮೆ ಒಂದೇ ವಾಕ್ಯ ಇರುತ್ತದೆ: "ದಿನಕ್ಕೆ ಐದಾರು ಗಂಟೆ ಅಭ್ಯಾಸ ಮಾಡುತ್ತಿದ್ದೆ, ಹಾಗಾಗಿ ಓದಲು ಸಮಯ ಸಿಗಲಿಲ್ಲ." ಬರೆದವರಿಗೆ ಇದು ತ್ಯಾಗದ ಮಾತು ಅನ್ನಿಸುತ್ತದೆ. ಆ ಕಡೆ ಓದುವವರಿಗೆ? ಅಭ್ಯಾಸ, ಆರ್ಕೆಸ್ಟ್ರಾ, ತರಗತಿ, ಪ್ರಬಂಧ ಎಲ್ಲವನ್ನೂ ಒಟ್ಟಿಗೆ ಮಾಡಬೇಕಾದ ಕೋರ್ಸ್‌ಗೆ, ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ ಅಂತ ತಾನೇ ಬರೆದುಕೊಟ್ಟ ಅಭ್ಯರ್ಥಿ. ಬೇಡ, ಆ ವಾಕ್ಯ ತೆಗೆದುಬಿಡಿ. ಕಾಯಿಲೆ ಇತ್ತೋ, ಮನೆಯಲ್ಲಿ ತೊಂದರೆ ಇತ್ತೋ, ಸುಮ್ನೆ ಓದಲಿಲ್ಲವೋ, ಇದ್ದದ್ದನ್ನು ಎರಡು ಮೂರು ಸಾಲಿನಲ್ಲಿ ಹೇಳಿ, ಆಮೇಲೆ ಏನು ಬದಲಾಯಿತು ಅನ್ನುವುದಕ್ಕೆ ಜಾಗ ಕೊಡಿ. ಕೊನೆಯ ವರ್ಷ ಅಂಕ ಏರಿದ್ದರೆ ಅದನ್ನೇ ತೋರಿಸಿ. ಶಿಫಾರಸು ಪತ್ರ ಬರೀ ಸಂಗೀತದ ಗುರುಗಳಿಂದ ಬೇಡ. ಯಾವ ವಿಷಯದಲ್ಲಿ ಒದ್ದಾಡಿ ಆಮೇಲೆ ಸುಧಾರಿಸಿದಿರೋ ಆ ಮೇಷ್ಟ್ರ ಹತ್ತಿರವೂ ಒಂದು ಕೇಳಿ. ಇಂಗ್ಲೆಂಡಿನ ಯೂನಿವರ್ಸಿಟಿಗಳಿಗಾದರೆ ವಾದ್ಯದ ಗ್ರೇಡ್ ಪರೀಕ್ಷೆಗೂ ಬೆಲೆ ಇದೆ. ಎಬಿಆರ್‌ಎಸ್‌ಎಮ್ ಎಂಬ ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿಯ 8ನೇ ಗ್ರೇಡ್ ವಾದನವನ್ನು ಡಿಸ್ಟಿಂಕ್ಷನ್‌ನಲ್ಲಿ ಪಾಸಾದರೆ ಅಲ್ಲಿನ ಕಾಲೇಜು ಅರ್ಜಿಗಳನ್ನು ನಡೆಸುವ ಯುಕಾಸ್ ಸಂಸ್ಥೆಯ ಲೆಕ್ಕದಲ್ಲಿ 30 ಅಂಕ ಸೇರುತ್ತದೆ. ಎಲ್ಲ ಕೋರ್ಸ್‌ನವರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ವಿಚಾರಿಸಿಕೊಳ್ಳಿ.

ಆಡಿಷನ್ ಬಗ್ಗೆ ಹೇಳಲು ಹೊರಟರೆ ನಾನು ನಿಲ್ಲಿಸುವುದಿಲ್ಲ, ಆದರೂ ಎರಡು ಮಾತು. ಈಗ ಹೆಚ್ಚಿನ ಕಡೆ ಮೊದಲು ವಿಡಿಯೊ ಕಳಿಸಬೇಕು, ಅದು ಒಪ್ಪಿಗೆಯಾದರೆ ಮಾತ್ರ ಎದುರಿಗೆ ಕರೆಯುತ್ತಾರೆ. ಒಂದು ಕೃತಿಯ ನಡುವೆ ಕತ್ತರಿಸಿ ಜೋಡಿಸುವಂತಿಲ್ಲ. ಕೈ, ಮುಖ ಎರಡೂ ಕಾಣಬೇಕು. ರೆಕಾರ್ಡಿಂಗ್ ದಿನ ಏನಾಗುತ್ತದೆ ಗೊತ್ತಾ? ಆರು ನಿಮಿಷದ ಕೃತಿ, ಐದನೇ ನಿಮಿಷದಲ್ಲಿ ಒಂದು ಸ್ವರ ಜಾರುತ್ತದೆ, ಹುಡುಗಿ ಪಿಟೀಲಿನ ಬಿಲ್ಲು ಕೆಳಗಿಟ್ಟು ಮತ್ತೆ ಮೊದಲಿಂದ ಅನ್ನುತ್ತಾಳೆ. ನಾನು ಪಿಯಾನೊ ಮುಂದೆ ಕೂತವಳು ಪುಟ ಹಿಂದಕ್ಕೆ ತಿರುವುತ್ತೇನೆ. ಮತ್ತೆ, ಮತ್ತೆ. ಸಂಜೆ ಹೊತ್ತಿಗೆ ಸ್ವರಗಳೆಲ್ಲ ಸರಿ ಇರುತ್ತವೆ, ಸಂಗೀತ ಮಾತ್ರ ಹೊರಟುಹೋಗಿರುತ್ತದೆ. ಬೆಳಿಗ್ಗೆಯ ಆ ಒಂದು ತಪ್ಪಿದ್ದ ರೆಕಾರ್ಡಿಂಗ್ ಕಳಿಸು ಅಂದರೆ ಮಾರ್ಕ್ಸ್ ಕಡಿಮೆ ಇರುವ ಮಕ್ಕಳು ಖಂಡಿತ ಒಪ್ಪುವುದಿಲ್ಲ. ಅಂಕಪಟ್ಟಿಯ ಕೊರತೆಯನ್ನು ಇಲ್ಲಿ ತುಂಬಬೇಕು ಅನ್ನುವ ಹಟ. ಕೃತಿ ಆರಿಸುವಾಗಲೂ ಅದೇ ಹಟ, ಕೈಗೆ ಮೀರಿದ್ದನ್ನೇ ಹಿಡಿಯುತ್ತಾರೆ. ಒಂದು ಹಂತ ಸುಲಭದ್ದನ್ನು ಶ್ರುತಿಶುದ್ಧವಾಗಿ, ಲಯ ಬಿಡದೆ ನುಡಿಸಿದರೆ ಕೇಳುವವರಿಗೆ ಎಷ್ಟೋ ಜಾಸ್ತಿ ತಿಳಿಯುತ್ತದೆ. ಎದುರಿಗೆ ನುಡಿಸುವಾಗ ಅರ್ಧಕ್ಕೇ "ಸಾಕು, ಥ್ಯಾಂಕ್ಯೂ" ಅಂದರೆ ಗಾಬರಿ ಬೇಡ, ಬೇಕಾದದ್ದು ಅವರಿಗೆ ಸಿಕ್ಕಿರುತ್ತದೆ, ಸಮಯ ಕಡಿಮೆ ಇರುತ್ತದೆ ಅಷ್ಟೆ. ಆಮೇಲೆ ಕಂಡೇ ಇರದ ಒಂದು ಹಾಳೆ ಮುಂದಿಟ್ಟು ನುಡಿಸು ಅನ್ನುತ್ತಾರೆ. ಸ್ವರ ತಪ್ಪಿದರೂ ತಾಳ ನಿಲ್ಲಬಾರದು.

ಈ ವರ್ಷ ಆಗಲಿಲ್ಲ ಅಂದರೆ? ಎರಡು ವರ್ಷದ ಕಾಲೇಜಿನಲ್ಲಿ ಒಳ್ಳೆಯ ಅಂಕ ತೆಗೆದು, ಅಲ್ಲಿಂದ ಯೂನಿವರ್ಸಿಟಿಗೆ ವರ್ಗವಾಗುವ ದಾರಿ ಅಮೆರಿಕದಂಥ ಕಡೆ ಇದೆ, ತುಂಬ ಜನ ಹೋಗುವ ದಾರಿಯೇ. ಆದರೆ ಅದರಲ್ಲೊಂದು ಗುಂಡಿ ಇದೆ. ಸಂಗೀತ ಶಾಸ್ತ್ರದ ಪಾಠ ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್ ಒಂದರ ಮೇಲೊಂದು ನಡೆಯುತ್ತದೆ, ಮೊದಲನೆಯದು ಮುಗಿಸದೆ ಎರಡನೆಯದಕ್ಕೆ ಕೂರಿಸುವುದಿಲ್ಲ. ವರ್ಗವಾಗಿ ಬಂದವರಿಗೆ ಮತ್ತೆ ಆಡಿಷನ್, ಮತ್ತೆ ಶಾಸ್ತ್ರದ ಪರೀಕ್ಷೆ. ಅದರಲ್ಲಿ ಹಿಂದೆ ಬಿದ್ದರೆ ಉಳಿದ ಕ್ರೆಡಿಟ್ ಎಷ್ಟೇ ಇರಲಿ, ಪದವಿ ಮುಗಿಯುವುದು ತಡ. ಮೊದಲ ಎರಡು ವರ್ಷ ಎಲ್ಲಿ ಓದಿದರೂ ಶಾಸ್ತ್ರದ ತರಗತಿ ಬಿಡಬೇಡಿ.

ದುಡ್ಡಿನ ವಿಷಯವನ್ನೂ ಹೇಳಲೇಬೇಕು. ಆಡಿಷನ್ ನೋಡಿ ಕೊಡುವ ವಿದ್ಯಾರ್ಥಿವೇತನ ಬೇರೆ, ಅಂಕ ನೋಡಿ ಕೊಡುವುದು ಬೇರೆ. ಮಾರ್ಕ್ಸ್ ಕಡಿಮೆ ಇದ್ದವರಿಗೆ ಎರಡನೆಯದು ಸಿಗುವುದು ಕಷ್ಟ. ಮೊದಲನೆಯದು ಸಿಕ್ಕರೂ ಸೇರಿದ ಮೇಲೆ ಇಂತಿಷ್ಟು ಅಂಕ ಉಳಿಸಿಕೊಳ್ಳಬೇಕು ಎಂಬ ಷರತ್ತು ಇರಬಹುದು. ಸಹಿ ಹಾಕುವ ಮೊದಲು ಆ ಸಾಲು ಹುಡುಕಿ ಓದಿ.

ಸಂಪಾದಕರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಸಲ ಕೋರ್ಸ್‌ಗಳ ಮಾರ್ಗದರ್ಶಿ ಹಾಕುವಾಗ ಸಂಗೀತವನ್ನು "ಇತರೆ" ಎಂಬ ಶೀರ್ಷಿಕೆಯ ಕೆಳಗೆ ಎರಡು ಸಾಲಿನಲ್ಲಿ ಮುಗಿಸಬೇಡಿ. ಯಾವ ಕೋರ್ಸ್‌ಗೆ ಆಡಿಷನ್ ಮುಖ್ಯ, ಯಾವುದಕ್ಕೆ ಅಂಕ ಮುಖ್ಯ, ಯಾವುದಕ್ಕೆ ಎರಡೂ ಬೇಕು ಅಂತ ವಿಂಗಡಿಸಿ ಹಾಕಿ. ಕೊನೆಯ ದಿನಾಂಕಗಳನ್ನು ದಪ್ಪ ಅಕ್ಷರದಲ್ಲಿ ಹಾಕಿ. ಇಂಗ್ಲೆಂಡಿನ ಕನ್ಸರ್ವೇಟರಿಗಳ ಸಂಗೀತ ಅರ್ಜಿ ಅಕ್ಟೋಬರ್ ಮೊದಲ ವಾರದಲ್ಲೇ ಮುಗಿಯುತ್ತದೆ, ಅಲ್ಲಿನ ಉಳಿದ ಹೆಚ್ಚಿನ ಕೋರ್ಸ್‌ಗಳಿಗೆ ಜನವರಿವರೆಗೂ ಸಮಯ ಇರುತ್ತದೆ. ಮಾರ್ಗದರ್ಶಿ ಡಿಸೆಂಬರ್‌ನಲ್ಲಿ ಬಂದರೆ ಆ ಮಕ್ಕಳಿಗೆ ಏನು ಉಪಯೋಗ, ಅಲ್ವಾ?

ಇಂತಿ,
ಒಬ್ಬ ಪಿಯಾನೊ ಶಿಕ್ಷಕಿ